ಎರಡನೆಯ ಕೋಣೆ

ಗ್ಯುಮ್ರಿಯ ಸಂತೆಬೀದಿಯ ತುದಿಗೆ ನನ್ನದೊಂದು ಬಣ್ಣದಂಗಡಿ.
ಕಲಸುವ ಯಂತ್ರ ಒಂದು, ಏಣಿ ಎರಡು,
ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುವ ಸಾವಿರ ಛಾಯೆಗಳ ಪಟ್ಟಿ.
ಬಂದವರಿಗೆಲ್ಲ ಮೊದಲ ಪ್ರಶ್ನೆ ಒಂದೇ:
ಯಾವ ಕೋಣೆಗೆ?

ಹ್ರಿಪ್ಸಿಮೆ ಅಜ್ಜಿ ಅದಕ್ಕೇ ತಡವರಿಸಿದಳು.
ನೆಲ ನಡುಗಿದ ಆ ಡಿಸೆಂಬರಿನಿಂದ ಮೊನ್ನೆ ಮೊನ್ನೆಯವರೆಗೆ
ಸರಕು ಸಾಗಿಸುವ ಕಬ್ಬಿಣದ ಡಬ್ಬಿಯೇ ಅವಳಿಗೆ ಮನೆ.
ಒಲೆ, ಹಾಸಿಗೆ, ಜಗಳ, ಮಗಳ ಬಾಣಂತನ, ಎಲ್ಲ ಅದರೊಳಗೇ.
ಬೆರಳು ಮಡಿಸಿ ಎಣಿಸಿ "ಎರಡು" ಅಂದಳು,
ಯಾರದೋ ವಸ್ತು ಎತ್ತಿಕೊಂಡು ಸಿಕ್ಕಿಬಿದ್ದವಳ ಹಾಗೆ.

ಗಂಡ ಸೆದ್ರಾಕ್ ಬಿಳಿ ಸಾಕು ಅಂತಾನಂತೆ,
ಗೋಡೆ ಗೋಡೆಯಾಗಿ ನಿಂತರಾಯಿತು, ಬಣ್ಣ ಯಾಕೆ.
ಬಿಳಿ ಬೇಡ, ಅಂದಳು.
ಮೂವತ್ತು ಚಳಿಗಾಲ ನಮ್ಮ ಗೋಡೆ ಒಳಗಿನಿಂದಲೇ ಬೆಳ್ಳಗಾಗಿದೆ,
ಚಾಕುವಿನಿಂದ ಹೆರೆದು ಬಕೆಟ್ಟಿಗೆ ತುಂಬಿದ್ದೇನೆ.

ನೀಲಿ ತೋರಿಸಿದೆ. ಡಬ್ಬಿಯ ಹೊರಮೈ ನೀಲಿಯಿತ್ತು, ಬೇಡ.
ಇಟ್ಟಿಗೆಗೆಂಪು ತೋರಿಸಿದೆ. ತುಕ್ಕು, ಅಂದಳು.
ಹಸಿರು? ಆಸ್ಪತ್ರೆ.

ಮಾರನೆಯ ದಿನ ಕರವಸ್ತ್ರದಲ್ಲಿ ಬೆಂದ ಮೊಟ್ಟೆಯೊಂದನ್ನು ಕಟ್ಟಿ ತಂದಳು,
ನನ್ನದೇ ಚಾಕುವಿನಿಂದ ಕೌಂಟರಿನ ಮೇಲೆ ಸೀಳಿದಳು:
"ಇದು. ನಡುವಿನದಲ್ಲ ಮಗಾ, ಅದು ಕಿರುಚುತ್ತೆ.
ಅಂಚಿನಲ್ಲಿ, ಹಸಿರಾಗುವುದಕ್ಕೆ ಚೂರು ಮೊದಲು, ನೋಡು."

ನೋಡಿದೆ. ಮೂರು ಸಲ ತಪ್ಪಿದೆ.
ನಾಲ್ಕನೆಯ ಸಲ ಕಾವಿ ಎರಡು ಹನಿ, ಕಪ್ಪು ಸೂಜಿಮೊನೆಯಷ್ಟು.
ಕಡ್ಡಿಯಲ್ಲಿ ಅದ್ದಿ ನನ್ನ ಉಗುರಿಗೆ ಬಳಿದಳು,
ಕೈ ಹಿಡಿದು ಕಿಟಕಿಗೆ ಒಯ್ದಳು, ತಲೆದೂಗಿದಳು.
ಮೊಟ್ಟೆಯನ್ನು ಉಪ್ಪು ಹಚ್ಚಿ ಇಬ್ಬರೂ ತಿಂದೆವು.

"ಇನ್ನೊಂದು ಕೋಣೆಗೆ?"
"ಅದಕ್ಕೇನೂ ಅವಸರವಿಲ್ಲ."

ಏಪ್ರಿಲ್‌ನಲ್ಲಿ ಬಾಕಿ ಕೇಳಲು ಹೋದೆ, ಮೂರನೆಯ ಮಹಡಿ.
ಮೊಟ್ಟೆಬಣ್ಣದ ಗೋಡೆಗಳ ನಡುವೆ
ಮಂಚ, ಮೇಜು, ಒಲೆ, ಕಪಾಟು, ಆಲೂಗಡ್ಡೆ ಚೀಲ, ಸೆದ್ರಾಕನ ರೇಡಿಯೊ
ಮೊಣಕೈಗೆ ಮೊಣಕೈ ತಾಗಿಸಿ ಕೂತಿದ್ದವು,
ಡಬ್ಬಿಯಲ್ಲಿ ಹೇಗಿದ್ದವೋ ಹಾಗೇ, ಒಂದಿಂಚೂ ಸರಿಯದೆ.
ಪಕ್ಕದ ಬಾಗಿಲು ಮುಚ್ಚಿತ್ತು.

ತೆರೆದು ತೋರಿಸಿದಳು. ಬರಿ ಗಾರೆ. ಒಂದು ಕಿಟಕಿ.
ಹೊಸ್ತಿಲ ಮೇಲೇ ನಿಂತು ನನ್ನ ಹೆಸರು ಕೂಗಿದಳು: ವಾಹಾನ್!
ಗೋಡೆಯೂ ನನ್ನನ್ನು ಕರೆಯಿತು, ಒಂದು ಉಸಿರು ತಡವಾಗಿ.

"ಕೇಳಿದೆಯಾ? ಕಬ್ಬಿಣ ಹೀಗೆ ಓಗೊಡುತ್ತಿರಲಿಲ್ಲ.
ದಿನಾ ಸಂಜೆ ಬಂದು ಒಬ್ಬೊಬ್ಬರ ಹೆಸರನ್ನೇ ಕೂಗುತ್ತೇನೆ.
ಬಣ್ಣ ಬಳಿದರೆ ದನಿ ಸಣ್ಣದಾಗುತ್ತಾ?"

ಇಲ್ಲ, ಅಂದೆ. ಮಂಚ ಹಾಕಿದರೆ ಆಗುತ್ತೆ,
ಪರದೆ ಕಟ್ಟಿದರೆ ಆಗುತ್ತೆ. ಬಣ್ಣದಿಂದ ಏನೂ ಆಗುವುದಿಲ್ಲ.
"ಹಾಗಾದರೆ ಪಟ್ಟಿ ಬಿಟ್ಟು ಹೋಗು."

ಎರಡು ಬೇಸಿಗೆ ಕಳೆದವು. ಸಾವಿರ ಛಾಯೆಗಳೂ ಅಲ್ಲೇ ಇವೆ.
ಅಂಗಡಿಗೆ ಬಂದವರಿಗೆ ಡಬ್ಬಗಳ ಮುಚ್ಚಳ ತೋರಿಸಿ ಮಾರುತ್ತಿದ್ದೇನೆ.
ಬಾಕಿಯ ಮಾತು ಅವತ್ತು ಎತ್ತಲೇ ಇಲ್ಲ ನಾನು.