ಸೂಟು

ನಲವತ್ತು ಕಿಲೋ ಚೀಲ ಬೆನ್ನಿಗೆ ಬಂದ್ರ
ಎಷ್ಟು ಕಡಿಮಿ ಐತಿ ಅಂತ ನಿಂತಲ್ಲೇ ಹೇಳತಿದ್ದೆ ನಾನು.
ಬ್ಯಾಡಗಿ ಮಾರ್ಕೆಟ್ಟಿನ್ಯಾಗ ಹದಿನಾಕು ವರ್ಷ
ಡಬ್ಬಿ ಕಾಯಿ, ಕಡ್ಡಿ ಕಾಯಿ, ಗುಂಟೂರ ಕಾಯಿ.
ಬೆನ್ನ ನನ್ನ ತಕ್ಕಡಿ.
ಎದಿಗೆ ಎಂದೂ ಏನೂ ತೂಗಿದ್ದಿಲ್ಲ.

ಹಾವೇರಿ ದೊಡ್ಡ ದವಾಖಾನಿ, ಎರಡನೇ ಮಜಲಾ.
ಜುಬೇದಾ ಸಿಸ್ಟರ್ ಅಂದ್ಲು: ಅಂಗಿ ತಗಿ ಅಣ್ಣ.
ಉಗುರು ತಗಸಿದ್ಲು. ಎರಡು ಸಲ ಜಳಕಾ ಮಾಡಿಸಿದ್ಲು.
ಖಾರ ಹೋಗೂದಿಲ್ಲ ಸಿಸ್ಟರ್, ಅದು ಚರ್ಮದಾಗ ಐತಿ, ಅಂದೆ.
ಆಕಿ ನನ್ನ ತೋಳ ಮೂಸಿ ನೋಡಿ
ಒಂದು ಸೀನ ಸೀನಿ
ಮೂರನೇ ಜಳಕಕ್ಕ ಕಳಿಸಿದ್ಲು.

ಆಮ್ಯಾಲೆ ಬಂತು ಕೂಸು.
ಒಂದು ಸಾವಿರದ ಇನ್ನೂರಾ ನಲವತ್ತು ಗ್ರಾಂ.
ಅರಿವಿ ಸುತ್ತಿ ಎದಿಗೆ ಬಿಗದು ಕಟ್ಟಿದ್ರು.
ಬಂತೋ ಇಲ್ಲೋ ತಿಳೀಲಿಲ್ಲ ನನಗ.
ಮೂಗಿನ ನಳಿಗಿ ಒಂದು
ತಣ್ಣಗ ತಾಗಿತು,
ಹೌದು, ಯಾರೋ ಅದಾರ ಅಂದಂಗ.

ಫಕೀರವ್ವ ಕೆಳಗಿನ ವಾರ್ಡಿನ್ಯಾಗ. ಬಿಪಿ ಇಳೀವಲ್ದು.
ಏಳು ತಿಂಗಳತನಾ ತೊಟ್ಟು ಮುರದಾಳ ಆಕಿ,
ಹೊಟ್ಟಿ ಮಡಚಿ ಕುಂತು, ಕಿಲೋಕ್ಕ ಇಷ್ಟು ಅಂತ.
ಮಧ್ಯಾಹ್ನಕ್ಕ ಚುನಮರಿ, ಚಾ.
ಕಬ್ಬಿಣದ ಗುಳಿಗಿ ಕೊಟ್ಟಿದ್ರು. ಹೊಟ್ಟಿ ಕಟ್ಟತೈತಿ ಅಂತ
ಜ್ವಾಳದ ಡಬ್ಬಿಯೊಳಗ ಹುಗದಿಟ್ಟಿದ್ಲು.
ಮೊನ್ನಿ ಕೈ ಹಾಕಿದ್ರ ಸಿಕ್ಕವು.
ಎಣಿಸಿದೆ. ಎಪ್ಪತ್ತೆಂಟು.
ಯಾಕ ಎಣಿಸಿದೆನೋ.

ನಮ್ಮ ಪ್ಯಾಟ್ಯಾಗ ಚೀಲಕ್ಕ ಇಷ್ಟು ಅಂತ ಸೂಟು ಮುರೀತಾರ.
ತೇವಕ್ಕ ಸೂಟು, ಧೂಳಿಗೆ ಸೂಟು,
ಖಾಲಿ ಚೀಲದ ತೂಕಕ್ಕ ಸೂಟು.
ಮಾಲಿನ ಮಾಲಕ ಬಾಯಿ ಮುಚಗೊಂಡು ನಿಂದರತಾನ.
ಈ ಕೂಸಿಗೆ,
ಪ್ಯಾಟಿ ಕಾಣೂಕಿಂತ ಮದಲ,
ಅರ್ಧಕ್ಕರ್ಧ ಮುರಕೊಂಡವರು ಯಾರು?

ಸುತ್ತ ಹನ್ನೊಂದು ಕಾಜಿನ ಪೆಟ್ಟಿಗಿ.
ರಟ್ಟೀಹಳ್ಳಿದು ಒಂದು ಸಾವಿರದ ಆರನೂರು.
ಹಾನಗಲ್ಲಿನ ಜೋಡಿ, ಇಬ್ಬರದೂ ಕೂಡಿಸಿದ್ರ ಎರಡೂವರಿ ಕಿಲೋ.
ಸವಣೂರ ಹುಡುಗಿ ವಯಸ್ಸು ಹತ್ತೊಂಬತ್ತು ಅಂದ್ಲು.
ಸಿಸ್ಟರ್ ಪೆನ್ನು ನಿಲ್ಲಿಸಿ, ಮಾರಿ ನೋಡಿ, ಬರಕೊಂಡ್ಲು.
ಪೆಟ್ಟಿಗಿ ಸಾಲದ ಒಂದರಾಗ ಇಬ್ಬರು ಮಲಗ್ಯಾರ,
ಟೆಂಪೋದಾಗ ಸರಕೊಂಡು ಕುಂತಂಗ.
ದಿನಾ ಇಷ್ಟ ಅಣ್ಣ, ನಿಂದೊಂದ ಅಲ್ಲ, ಅಂದ್ಲು.
ಧೈರ್ಯ ಹೇಳಿದ್ಲೋ, ದಣದಿದ್ಲೋ.

ನಮ್ಮವ್ವ ಬಂದಿದ್ಲು, ಕಾಜಿನಾಚೆ ನಿಂತು ನೋಡಿದ್ಲು.
ನೀನೂ ಇಷ್ಟ ಇದ್ದಿ, ಅಂದ್ಲು.
ಮರದಾಗ ಅರಳಿ ಹಾಸಿ ಒಲಿ ಬಾಜೂಕ ಇಟ್ಟಿದ್ದೆ.
ಎಷ್ಟಿದ್ದೆ ಯವ್ವಾ?
ಯಾರು ತೂಗ್ಯಾರೋ? ನಿನ್ನಕಿಂತ ಮದಲಿನವು ಎರಡು...
ಅಂದು, ಚಾದ ಲೋಟ ತೊಳ್ಯಾಕ ಎದ್ದುಹೋದ್ಲು.
ಭಾಳ ಹೊತ್ತು ನಳದ ಸಪ್ಪಳ ಕೇಳತಿತ್ತು.

ನಾಕನೇ ದಿನ ಒಂದು ಸಾವಿರದ ನೂರಾ ತೊಂಬತ್ತು.
ಮದಲ ಇಳೀತೈತಿ, ಆಮ್ಯಾಲೆ ಏರತೈತಿ, ಅಂದ್ರು.
ಐದನೇ ದಿನ ನನ್ನ ತೋರಬೆರಳು
ತಾನ ಹೋಗಿ ತಕ್ಕಡಿ ಅಂಚಿಗೆ ಕುಂತಿತ್ತು.
ದಲಾಲರ ಬೆರಳು ಹಿಂಗ ಕುಂತದ್ದು ನೋಡೇನಿ,
ಎಷ್ಟೋ ಸಲ, ಮಾತಾಡಿಲ್ಲ.
ಬೆರಳು ತಗಿ ಅಣ್ಣ.
ತಗದೆ.
ಹದಿನೈದು ಗ್ರಾಂ ಬಿದ್ದುಹೋತು.

ಇಂಥವು ನಿದ್ದ್ಯಾಗ ಉಸಿರಾಡೂದು ಮರೀತಾವಂತ.
ಅಂಗಾಲು ತಟ್ಟಿ ನೆನಪ ಮಾಡಬೇಕಂತ.
ರಾತ್ರಿ ಮೂರರ ಸುಮಾರಿಗೆ
ನನ್ನ ಕೆಮ್ಮು ಏರಿ ಬಂತು, ಮಾರ್ಕೆಟ್ಟಿನ ಕೆಮ್ಮು,
ಹದಿನಾಕು ವರ್ಷದ್ದು, ಒಮ್ಮೆ ಹೊಂಟ್ರ ನಿಂದರೂದಲ್ಲ.
ಗಂಟಲದಾಗ ಹಿಡದೆ.
ಕಣ್ಣು ಉರದವು. ಎದಿ ಅಲುಗಾಕ ಬಿಡಲಿಲ್ಲ.
ಅಷ್ಟರಾಗ ಅದು ಸುಮ್ಮನಾಗಿತ್ತು.
ಬೆಂಡಿಕಾಯಿಯಷ್ಟು ಅಂಗಾಲು, ತಟ್ಟಿದೆ.
ತಡಾ ಮಾಡಿ,
ಯಾರೋ ಎಬ್ಬಿಸಿದ್ದಕ್ಕ ಸಿಟ್ಟಾದವರಂಗ,
ಒಂದು ಉಸಿರು ತಗೊಂತು.

ಮತ್ತ ತಟ್ಟಿದೆ.