ಸಾಯಬಣ್ಣ ಮೂರು ಸಲ

ಕಂಪ್ಯೂಟರ್ ಕೂಡಿಸಿದ ಹುಡುಗ ಹೇಳಿ ಹೋಗಿದ್ದ:
ಇದು ರಿಲೇಷನಲ್ ರೀ ಮೇಡಂ, ಸಂಬಂಧದ ಡೇಟಾಬೇಸು.
ನಕ್ಕೆ. ಸಂಬಂಧ ಎಲ್ಲಿ ಬಂತಪ್ಪಾ,
ಶಾಲಿ ಪ್ರಾರ್ಥನಿಗೆ ನಿಂತಂಗ ಸಾಲಾಗಿ ನಿಂತಾವ ಹೆಸರು,
ಒಬ್ಬರ ಮೈ ಒಬ್ಬರಿಗೆ ತಾಗಂಗಿಲ್ಲ.

ಬ್ಯಾರೆ ನಮೂನಿಯೂ ಅವ ಅಂದ.
ಒಂದು, ದರ್ಗಾದ ಬಾಗಿಲಾಗ ಚಪ್ಪಲಿ ಇಟ್ಟಂಗ:
ಬಿಲ್ಲೆ ಕೊಟ್ರ ಜೋಡು ಬರ್ತದ,
ಯಾರ ಕಾಲು ಅಂತ ಯಾರೂ ಕೇಳಂಗಿಲ್ಲ.
ಇನ್ನೊಂದು, ಪೇಷಂಟಿನ ಕಡೆಯವರ ಕೈಚೀಲ ಇದ್ದಂಗ,
ಒಂದರಾಗ ಎಕ್ಸರೇ ಮತ್ತ ಖಡಕ್ ರೊಟ್ಟಿ, ಒಂದರಾಗ ಬರೀ ಚಾದರ,
ಯಾವುದಕ್ಕೂ ಕಾಲಮ್ಮಿನ ಹಂಗಿಲ್ಲ.
ನಮ್ಮ ಫ್ರಿಜ್ಜಿನದು ತೀರಾ ಬ್ಯಾರೆ:
ಗಂಟೆಗೊಮ್ಮೆ ತನ್ನ ಜ್ವರ ತಾನೇ ನೋಡಿಕೊಂಡು
ಬರದಿಟ್ಟು ಸುಮ್ಮನಾಗ್ತದ.
ಕಡೀದು, ಅಂದ, ಚುಕ್ಕಿ, ಚುಕ್ಕಿಯಿಂದ ಚುಕ್ಕಿಗೆ ದಾರ…
ಅಷ್ಟರಾಗ ಅವನ ಬಸ್ಸಿನ ಹೊತ್ತಾತು.

ನಿನ್ನೆ ರಾತ್ರಿ ಎರಡೂವರಿ.
ಜೇವರ್ಗಿ ಕಡಿಂದ ಬಂದ ಬಾಣಂತಿ, ಓ ನೆಗೆಟಿವ್,
ಫ್ರಿಜ್ಜಿನಾಗ ಒಂದೂ ಚೀಲ ಇಲ್ಲ.
ಹುಡುಕು ಅಂದೆ. ಅರೆಗಳಿಗ್ಯಾಗ ಕೊಟ್ಟಿತು:
ಸಾಯಬಣ್ಣ, ಆಳಂದ ನಾಕಾ,
ಕೊನೀ ಸಲ ಕೊಟ್ಟು ವರ್ಷ ಆತು, ಅರ್ಹ.
ಫೋನ್ ಹಚ್ಚಿದೆ. ಬನೀನಿನ ಮ್ಯಾಗ ಅಂಗಿ ಏರಿಸಿಕೋತ ಬಂದೇ ಬಂದ,
ತೋಳು ಮಡಚಿ ಕುಂತ.

ಫರಸಿ ಒರಸ್ಲತ್ತಿದ್ದ ಇಮಾಂಬಿ ತಲಿ ಎತ್ತಿದಳು:
"ಏ ಎಪ್ಪಾ, ಉಗಾದಿ ಮರುದಿನ ಕೊಟ್ಟೀದಿ ಅಲ್ಲೋ?
ಒಂದ್ ತಿಂಗಳರ ಆಗ್ಯಾದೇನು?"
ಅಂವ ಗ್ವಾಡಿ ನೋಡಿದ.
"ಕೊಟ್ರ ಏನಾಗ್ತದಬೇ, ಹೆಣ್ಣಮಗಳು ಒದ್ದಾಡ್ಲತ್ತಾಳ."

ಮತ್ತ ಹುಡುಕಿದೆ, ಹೆಸರು ಬಿಟ್ಟು ಫೋನ್ ನಂಬರ್ ಹಿಡಿದು.
ಸಾಯಬಣ್ಣ. ಸಾಬಣ್ಣ. ಸಾಹೇಬಣ್ಣ ಎಸ್.
ಮೂರು ಸಾಲು, ಒಂದೇ ಮೈ.
ಸಾಬಣ್ಣನ ಸಾಲಿನಾಗ ಕುಂತಿತ್ತು ಉಗಾದಿ.
ಎರಡು ಸಾಲು ನಾನೇ ಬಡದದ್ದು,
ಊಟದ ಹೊತ್ತಿನ ಅವಸರದಾಗ.

ಸೂಜಿ ಕೆಳಗಿಟ್ಟಳು ಸಿಸ್ಟರ್.
ಹೊರಗ ಬಾಣಂತಿ ಗಂಡ
ಬೀಡಿ ಇಲ್ಲದ ಬರೀ ಕಡ್ಡಿ ಗೀರ್ಲತ್ತಿದ್ದ.

ಇಮಾಂಬಿ ಬಕೀಟು ಸರಿಸಿದಳು:
"ನಿನ್ನ ತಂಗಿ ಚಂದಮ್ಮ, ಶಹಾಬಜಾರಕ್ಕ ಕೊಟ್ಟದ್ದು,
ಅಕಿದೂ ಇದೇ ನೆತ್ತರ.
ಹಡದಾಗ ಎರಡು ಸಾವಿರದ ಸೂಜಿ ಬರದಿದ್ರಲ್ಲ ಡಾಕ್ಟರು,
ರೊಕ್ಕ ಸಾಲಲಿಲ್ಲಂತ ನಿಮ್ಮವ್ವ ನನ್ನ ಮುಂದ ಅತ್ತಿದ್ದಳು.
ಆ ಕೂಸಿಗೀಗ ನಾಕು ತುಂಬ್ಯಾದ."

ಬಿಲ್ಲೆ ಇಲ್ಲ, ಕಾಲಂ ಇಲ್ಲ,
ಒದ್ದಿ ಅರಿವಿ ಕೈಯಾಗ ಹಿಡಕೊಂಡೇ
ದಾರದ ಮ್ಯಾಗ ನಡದು ಹೋಗಿ ಬಂದಿದ್ದಳು ಮುದುಕಿ.

ನಾಕಕ್ಕ ಅಣ್ಣನ ಬೈಕಿನ ಹಿಂದ ಬಂದಳು ಚಂದಮ್ಮ,
ತುರುಬು ಬಿಚ್ಚಿತ್ತು, ಕಾಲಾಗ ಗಂಡನ ಚಪ್ಪಲಿ.
ಚೀಲ ತುಂಬಿತು.

ಆಮ್ಯಾಗ ನಾ ಹೊಸ ಸಾಲು ತೆರದು
ಹೆಸರಿನ ಕಾಗುಣಿತ ಎರಡು ಸಲ ಕೇಳಿದೆ.
ರೋಗಿಗೆ ಏನು ಸಂಬಂಧ? ಅಂತದ ಪರದಿ,
ಆರಿಸದೇ ಮುಂದಕ್ಕ ಬಿಡಂಗಿಲ್ಲ.
ಗಂಡ, ತಾಯಿ, ತಂದೆ, ಮಕ್ಕಳು, ಇತರೆ.
ಚಂದಮ್ಮ ಬಿಸ್ಕೀಟು ಚಹಾದಾಗ ಅದ್ದಿದಳು:
"ಏನರ ಬರೀರಿ. ಅಕಿ ಹೆಸರು ಏನ್ರಿ?"

ಸಾಯಬಣ್ಣನ ಮೂರು ಸಾಲು ಇನ್ನೂ ಒಂದು ಮಾಡಿಲ್ಲ.
ಬೆನ್ನ ಹಿಂದ ಫ್ರಿಜ್ಜು ಬರಕೊಂಡಿತು:
ಐದು ಗಂಟೆ, ನಾಕು ಡಿಗ್ರಿ.