ಎರಡನೇ ಗೇಟಿನ ಹತ್ರ

ಟಿಳಕವಾಡಿಯ ಎರಡನೇ ಗೇಟು ಬಿತ್ತಂದ್ರ
ನಾ ಮೊದಲ ಚಾವಿ ತಿರುವಿ ಗಾಡಿ ಬಂದ್ ಮಾಡ್ತೀನಿ.
ಪೆಟ್ರೋಲ್ ಉಳಸ್ತಾರ, ಜಿಪುಣರು ಅಂತ
ಸುಗಂಧಾ ಇಪ್ಪತ್ತೊಂದು ವರ್ಷದಿಂದ ತಿಳಕೊಂಡಾಳ.
ತಿಳಕೊಳ್ಳಲಿ.

ಕಾಚ ಇಳಸಿದ್ರ ಒಂದೊಂದ ಕೇಳಸ್ತಾವ.
ಎಡಕ್ಕ ಒಂದು ಟೆಂಪೊ, ನಾಕು ಸಿಲಿಂಡರ್ದಾಗ ಮೂರಷ್ಟ ಎದ್ದಾವ;
ಹಿಂದ ಯಾವುದೋ ಬಿಳೇ ಗಾಡಿ, ಬೆಕ್ಕು ಗುರುಗುಟ್ಟಿಧಾಂಗ,
ಅದರ ಬೆಲ್ಟು ಮುಂದಿನ ಮಳಿಗಾಲ ನೋಡಂಗಿಲ್ಲ;
ರಿಕ್ಷಾದಂವಾ ಸುಮ್ಮಸುಮ್ಮನ ರೇಸ್ ಕೊಡತಾನ,
ನಿಂತಲ್ಲೇ ಖಾನಾಪುರ ಮುಟ್ಟಾಂವನಂಗ.

ಗಾಡಿ ಬಗ್ಗೆ ಅಭಿಪ್ರಾಯ ಇಲ್ಲದಂವ ಈ ಊರಾಗ ಹುಟ್ಟಿಲ್ಲ.
ನಿಪ್ಪಾಣಿಯ ಭಾವ ಅಣ್ಣಾಸಾಬ ಅಂತಾರ:
“ಡೀಸೆಲ್ ಅಂದ್ರ ಡೀಸೆಲ್. ಎತ್ತಿನಂಗ ಎಳಿತೈತಿ.”
ಅವರ ಎತ್ತು ತವಂದಿ ಘಾಟಿನ್ಯಾಗ
ಎರಡು ಸಲ ಕುಂತು, ಏಳಲೇ ಇಲ್ಲ.
ಬಾಜೂಮನಿ ಹುಡುಗ ಸಮ್ಮೇದ:
“ಕಾಕಾ, ಇನ್ನ ಬ್ಯಾಟರಿ ಕಾಲ. ಎಂಜಿನ್ನ ಇಲ್ಲಂದ್ರ ಕೆಡೂದೇನು?”
ನಾ ಸುಮ್ಮಾದೆ. ಎಂಜಿನ್ ಇಲ್ಲದ ಗಾಡಿಗೆ
ನನ್ನಂಥಾಂವ ಎಲ್ಲಿ ಅಂತ ಕಿವಿ ಇಡಬೇಕು?
ಗ್ಯಾರೇಜಿನ ದಸ್ತಗೀರ ಬಾನೆಟ್ ಎತ್ತಿ, ಬೀಡಿ ಆಚೆ ಒಗದು,
“ಮಾರಿಬಿಡ್ರಿ ಅಂತ ನಾ ಮಾತ್ರ ಅನ್ನಂಗಿಲ್ಲ.
ನೀವು ಮಾರಿದ್ರ ನಾ ಏನ್ ತಿನ್ಲಿ?”

ನಂದೂ ಒಂದೈತಿ, ಸಣ್ಣದು:
ಎಂಜಿನ್ ಕೆಡೂದಿಲ್ಲ, ಕೆಡಸ್ತಾರ.
ಎಣ್ಣಿ ಕರ್ರಗಾಗಿ ಡಾಂಬರಾದ್ರೂ ಬದಲಿ ಮಾಡದಾಂವ
ಮುಂದಿನ ಬಂಪರಿಗೆ ಲಿಂಬಿಕಾಯಿ ಕಟ್ಟತಾನ.
ಮುಂಜಾನೆ ಚಳಿಯೊಳಗ ಚಾಲೂ ಮಾಡಿದ ಕೂಡಲೆ
ಜೋರ ತುಳಿತಾನ, ನಿದ್ದಿಗಣ್ಣಿನ ಕೂಸಿಗೆ
ಕಪಾಳಕ್ಕ ಹೊಡದು ಸಾಲಿಗೆ ಕಳಿಸಿಧಾಂಗ.

ಹಿಂಗ ಮಾತಾಡಾಕ ಹಕ್ಕೇನು ಅಂದ್ರ,
ಉದ್ಯಮಬಾಗದಾಗ ಇಪ್ಪತ್ತೊಂಬತ್ತು ವರ್ಷ
ಕ್ರ್ಯಾಂಕ್‌ಶಾಫ್ಟ್ ಗ್ರೈಂಡಿಂಗ್.
ಕೂಲಂಟಿನ ನಾತ ಅಂಗಿಗೆ ಹತ್ತಿ
ಬಸ್ತಿಯೊಳಗೂ ಮಂದಿ ಸರಕೊಂಡು ಕುಂದರತಿದ್ರು.
ಒಂದು ಕೂದಲಾ ಹತ್ತು ಸೀಳು ಮಾಡಿದ್ರ ಒಂದು ಸೀಳು,
ಅಷ್ಟು ಹೆಚ್ಚುಕಡಿಮಿ ಆದ್ರ ಸ್ಕ್ರ್ಯಾಪು.
ಮೈಕ್ರೋಮೀಟರ್ ಹೇಳೂಕಿಂತ ಮೊದಲ
ಹೆಬ್ಬಟ್ಟು ಹೇಳತಿತ್ತು.
ಎಣ್ಣಿಕಾಗದ ಸುತ್ತಿ, ಪೆಟಗಿಯೊಳಗ ಮಲಗಿಸಿ,
ಪುಣೆ ಲಾರಿ ಹತ್ತಿಸಿದ ಮ್ಯಾಲೆ
ಯಾವ ಗಾಡಿಯ ಹೊಟ್ಟಿ ಸೇರತಾವೋ ಯಾರಿಗೆ ಗೊತ್ತು.

ತೊಂಬತ್ತೊಂಬತ್ತರ ಜುಲೈ, ರಾತ್ರಿ ಪಾಳಿ.
ಹೊರಗ ನಾಕು ದಿನದಿಂದ ಬಿಡದ ಜಿಟಿಜಿಟಿ,
ಲೆಕ್ಕಕ್ಕ ಒಂದು ಕಡಿಮಿ, ಲಾರಿ ಬಾಗಲಿಗೆ ನಿಂತೈತಿ.
ಕೈಯಾಗಿನ ಶಾಫ್ಟಿನ ಮೂರನೇ ಜರ್ನಲ್ ಮ್ಯಾಲೆ
ಸುಟ್ಟ ಕಲೆ, ಒಂದು ಚಹಾಪುಡಿ ಕಾಳಿನಷ್ಟು.
ಕಂಡಿತು.
ಕಂಡಿಲ್ಲ ಅಂದೆ.
ಪಾಸ್ ಅಂತ ಹಸರ ಬಣ್ಣದ ಚುಕ್ಕಿ ಇಟ್ಟೆ.
ಸೂಪರ್‌ವೈಸರ್ ಯಲ್ಲೋಜಿ ಬೆನ್ನು ಚಪ್ಪರಿಸಿ ಚಹಾ ಕುಡಿಸಿದ.

ಆ ಕಲೆ ಬೇರಿಂಗ್ ತಿಂತೈತಿ, ನಿಧಾನಕ್ಕ.
ಐವತ್ತು ಸಾವಿರ ಕಿಲೋಮೀಟರೋ, ಒಂದು ಲಕ್ಷವೋ,
ಆಮ್ಯಾಲೆ ಒಳಗ ಶುರು ಆಗತೈತಿ
ಟಕ್, ಟಕ್,
ಚಿಲಕ ಹಾಕಿದ ಬಾಗಲಾ ಯಾರೋ ಬಡಧಾಂಗ.
ಆ ಗಾಡಿ ಎಂದೋ ಗುಜರಿಗೆ ಹೋಗಿರಬೇಕು,
ಕರಗಿ, ಸಳಿಯಾಗಿ, ಯಾರದೋ ಸ್ಲ್ಯಾಬಿನ್ಯಾಗ ಕುಂತಿರಬೇಕು.
ಇಲ್ಲಾಂದ್ರ ಎಲ್ಲೋ ಘಾಟಿನ್ಯಾಗ, ನಡುರಾತ್ರಿ,
ಮಂದಿ ತುಂಬಿಕೊಂಡು...
ಇಷ್ಟು ಮಾತ್ರ ಸುಗಂಧಾಗ ಹೇಳಿಲ್ಲ.

ನಮ್ಮ ಗಾಡಿ ಬಗ್ಗೆ ಕೇಳಿದ್ರ: ಎರಡನೇ ಕೈದು.
ಕೆಂಪು ಇದ್ದದ್ದು ಈಗ ಇಟ್ಟಂಗಿ ಬಣ್ಣ.
ಹಿಂದಿನ ಎಡಬಾಗಲಾ ಒಳಗಿಂದಷ್ಟ ತೆರಿತೈತಿ,
ಮೊಮ್ಮಗಳಿಗೆ ಅದೊಂದು ಆಟ.
ಎಂಜಿನ್ ಬಂಗಾರ. ಯಾರು ಗ್ರೈಂಡ್ ಮಾಡಿದ್ರೋ,
ಅವರ ಹೊಟ್ಟಿ ತಣ್ಣಗಿರಲಿ.

ಲೋಂಡಾ ಕಡೆಯ ಗೂಡ್ಸು ಹೊಂಟೈತಿ, ಹೊಂಟೇ ಐತಿ,
ಐವತ್ತೆಂಟು ಡಬ್ಬಿ, ಅದರ ಗದ್ದಲದಾಗ ಏನೂ ಕೇಳಂಗಿಲ್ಲ.
ಕಡೀ ಡಬ್ಬಿ ದಾಟಿತು.
ಗೇಟ್ ಏಳೂಕಿಂತ ಮೊದಲ ಒಂದು ಚಣ ಇರತೈತಿ,
ಹಾರ್ನ್ ಇನ್ನೂ ಸುರು ಆಗಿರಂಗಿಲ್ಲ, ಎಲ್ಲಾರೂ ಗೇರ್ ಹುಡಕತಿರತಾರ.

“ಚಾಲೂ ಮಾಡ್ರೀ, ಹಿಂದಿನವರು ಬೈಯಾಕತ್ತಾರ.”
ತಡಿ, ಅಂದೆ.
ಆ ಟೆಂಪೊ ಒಂದು ಮುಂದ ಹೋಗ್ಲಿ.